ಹೆಸರು ನಮ್ಮದು, ಅಂಕಿ ಯಾರದು?

ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ಎಸ್‌ಟಿಡಿ ಕೋಡ್ ಒಂದೇ, 08236. ನಾಗಮಂಗಲದ್ದು 08234, ಕೆ.ಆರ್. ಪೇಟೆಯದು 08230. ಎರಡು ತಾಲ್ಲೂಕು ಒಂದೇ ಕೋಡ್ ಹಂಚಿಕೊಂಡಿದ್ದರಿಂದ ದೂರವಾಣಿಗೆ ಯಾವ ತೊಂದರೆಯೂ ಆಗಲಿಲ್ಲ. ಇಂಟರ್ನೆಟ್ಟಿನಲ್ಲಿ ಮಾತ್ರ ಅಂಕಿಗಳ ಒಂದೇ ಗುಂಪನ್ನು ಹಲವರು ಹಂಚಿಕೊಳ್ಳುವುದು ದೊಡ್ಡ ತೊಡಕಾಯಿತು. ಅದನ್ನು ಬಿಡಿಸಿದ ಬಗೆ, ಇಂಟರ್ನೆಟ್ಟಿನ ಹೆಸರುಗಳನ್ನೂ ಸಂಖ್ಯೆಗಳನ್ನೂ ಜೋಡಿಸುವ ಡಿಎನ್‌ಎಸ್ ವ್ಯವಸ್ಥೆಯ ಅತ್ಯಂತ ಸೊಗಸಾದ ಉಪಾಯಗಳಲ್ಲಿ ಒಂದು. ಸ್ವಂತ ಮೇಲ್ ಸರ್ವರ್ ಇಡಲು ಹೊರಟ ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳಿಗೆಲ್ಲ ಎದುರಾಗುವ ಪ್ರಶ್ನೆಯೊಂದಿದೆ: ದುಡ್ಡು ಕೊಟ್ಟು ಡೊಮೇನ್ ಕೊಂಡರೂ ನಮ್ಮ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದೇಕೆ? ಅದಕ್ಕಿರುವ ಕಾರಣಗಳಲ್ಲಿ ಮುಖ್ಯವಾದ ಒಂದು ಇಲ್ಲಿದೆ.

ಡೊಮೇನ್ ಕೊಂಡರೆ ಅದರ ಹಿಂದಿನ ಐಪಿ ಸಂಖ್ಯೆಯ ಮೇಲೂ ಹಕ್ಕು ಬಂತು ಎಂದು ಬಹಳ ಜನ ನಂಬಿದ್ದಾರೆ. ಇದು ಪೂರಾ ತಪ್ಪು. ಹೆಸರಿನಿಂದ ಸಂಖ್ಯೆಗೆ ಹೋಗುವ ದಾರಿ ಒಂದು, ಸಂಖ್ಯೆಯಿಂದ ಹೆಸರಿಗೆ ಬರುವ ದಾರಿ ಬೇರೊಂದು. ಮಂಡ್ಯ ಜಿಲ್ಲೆಯ ಜಾಲತಾಣ ‘ಮಂಡ್ಯ.ಎನ್‌ಐಸಿ.ಇನ್’ ಅನ್ನು ಬಲದಿಂದ ಎಡಕ್ಕೆ ಓದಿ. ‘ಇನ್’ ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆ, ಅದು ‘ಎನ್‌ಐಸಿ’ಯ ಹೊಣೆಯನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರಕ್ಕೆ ವಹಿಸಿದೆ, ‘ಮಂಡ್ಯ’ ಎಲ್ಲಿದೆ ಎಂದು ಹೇಳುವ ಅಧಿಕಾರ ಆ ಕೇಂದ್ರದ್ದು. ಮೇಲಿನವರು ‘ಇದನ್ನು ಅವರನ್ನೇ ಕೇಳಿ’ ಎಂದು ಬರೆದಿಟ್ಟು ಕೈಬಿಡುವುದಕ್ಕೇ ಡೆಲಿಗೇಶನ್ ಎನ್ನುವುದು. ಸಂಖ್ಯೆಗಳ ವಂಶವೃಕ್ಷವೇ ಬೇರೆ. ಅದರ ಬುಡ ‘ಇನ್-ಆಡರ್.ಆರ್ಪ’. ಅಲ್ಲಿಂದ ಹೊಣೆ ಏಷ್ಯಾ-ಪೆಸಿಫಿಕ್‌ನ ಸಂಖ್ಯೆಗಳನ್ನು ಹಂಚುವ, ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್‌ಗೆ, ಅಲ್ಲಿಂದ ಕೊನೆಗೆ ನಿಮ್ಮ ಇಂಟರ್ನೆಟ್ ಕಂಪನಿಗೆ ಇಳಿಯುತ್ತದೆ. ಡೊಮೇನ್ ಮಾರಿದವರಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ. ಆದರೆ ಮೇಲ್ ಸ್ವೀಕರಿಸುವವರು ನೋಡುವುದು ಈ ಎರಡನೆಯ ವೃಕ್ಷವನ್ನು: ಕಳಿಸಿದ ಸಂಖ್ಯೆಗೆ ಹೆಸರಿದೆಯೇ, ಆ ಹೆಸರು ತಿರುಗಿ ಅದೇ ಸಂಖ್ಯೆಗೆ ಬರುತ್ತದೆಯೇ ಎಂದು. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರಿಗೂ ಇದನ್ನು ಕಡ್ಡಾಯ ಮಾಡಿದೆ.

ಈಗ ಸೊಗಸಿನ ಭಾಗ. ಐಪಿ ಸಂಖ್ಯೆಯಲ್ಲಿ ಎಸ್‌ಟಿಡಿ ನಂಬರಿನಂತೆ ದೊಡ್ಡ ಗುಂಪು ಮೊದಲು, ಸಣ್ಣದು ಕೊನೆಗೆ. ಹೆಸರಿನಲ್ಲಿ ಇದು ತಿರುಗುಮುರುಗು. ಹಾಗಾಗಿ ಸಂಖ್ಯೆಯನ್ನು ಹೆಸರಿನ ಸಾಲಿನಲ್ಲಿ ಕೂರಿಸಬೇಕಾದರೆ ಮಗುಚಬೇಕು. ಉದಾಹರಣೆಗೆಂದೇ ಮೀಸಲಿಟ್ಟಿರುವ 203.0.113.10 ಎಂಬ ಸಂಖ್ಯೆ 10.113.0.203.ಇನ್-ಆಡರ್.ಆರ್ಪ ಆಗುತ್ತದೆ. ಹೊಣೆ ಕೈಬದಲಾಗುವುದು ಚುಕ್ಕೆ ಇರುವ ಕಡೆ ಮಾತ್ರ. ಪೂರ್ತಿ 256 ಸಂಖ್ಯೆಗಳು ನಿಮ್ಮವಾದರೆ ಕಂಪನಿ ಒಂದೆರಡು ಸಾಲು ಬರೆದು ಹೊಣೆ ಬಿಟ್ಟುಕೊಡಬಹುದು. ತಾಲ್ಲೂಕು ಕೇಂದ್ರದ ಸಂಸ್ಥೆಗೆ 256 ಯಾರು ಕೊಡುತ್ತಾರೆ? ಸಿಗುವುದು ನಾಲ್ಕೋ ಎಂಟೋ. ಉಳಿದವು ಬೇರೆ ಗಿರಾಕಿಗಳವು. 08236ರ ಹಾಗೆ ಒಂದೇ ಕೋಡಿನಲ್ಲಿ ಹಲವರು, ನಡುವೆ ಚುಕ್ಕೆಯಿಲ್ಲ. 1998ರ ಮಾರ್ಚ್‌ನಲ್ಲಿ ಪಾಲ್ ವಿಕ್ಸಿ ಮತ್ತಿಬ್ಬರು ಆರ್‌ಎಫ್‌ಸಿ 2317 ಎಂಬ ದಾಖಲೆಯಲ್ಲಿ ಸೂಚಿಸಿದ್ದು, ಇಲ್ಲದ ಚುಕ್ಕೆಯನ್ನು ಸೃಷ್ಟಿಸುವ ದಾರಿ. ನಿಮ್ಮ ಎಂಟು ಸಂಖ್ಯೆ 8ರಿಂದ 15 ಎಂದಿಟ್ಟುಕೊಳ್ಳಿ. ಕಂಪನಿ ತನ್ನ ಕಡತದಲ್ಲಿ ‘8-15’ ಎಂಬ ಹೊಸ ಕವಲು ತೆರೆದು ಅದನ್ನು ನಿಮ್ಮ ಸರ್ವರಿಗೆ ವಹಿಸುತ್ತದೆ. ಬಳಿಕ 10.113.0.203 ಎಂದು ಕೇಳಿ ಬಂದವರಿಗೆ ‘ಅದರ ನಿಜನಾಮ 10.8-15.113.0.203, ಅಲ್ಲಿಗೆ ಹೋಗಿ’ ಎನ್ನುವ ಸಿನೇಮ್ ಸಾಲು ಬರೆಯುತ್ತದೆ. ಎಂಟು ಸಂಖ್ಯೆಗೆ ಎಂಟು ಸಾಲು, ಒಮ್ಮೆ ಬರೆದರೆ ಆಯಿತು. ಡಿಎನ್‌ಎಸ್‌ನ ಒಂದು ನಿಯಮವನ್ನೂ ಬದಲಿಸದೆ, ಜಗತ್ತಿನ ಯಾವ ಯಂತ್ರಕ್ಕೂ ಹೊಸ ತಂತ್ರಾಂಶ ಹಾಕದೆ ಕೆಲಸ ಮುಗಿಯಿತು!

ಇಷ್ಟೆಲ್ಲ ಏಕೆ, ಕಂಪನಿಗೇ ಹೇಳಿ ಹೆಸರು ಬರೆಸಿಕೊಂಡರಾಗದೇ ಎನ್ನಬಹುದು. ಸರ್ವರ್ ಒಂದೇ ಇದ್ದು, ಹೆಸರು ಬದಲಾಗದಿದ್ದರೆ ಖಂಡಿತ ಆದೀತು, ಹಾಗೇ ಮಾಡಿ. ಆದರೆ ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯದಂಥ ದೊಡ್ಡ ಆವರಣದಲ್ಲಿ ಯಂತ್ರಗಳು ಬಂದುಹೋಗುತ್ತಲೇ ಇರುತ್ತವೆ. ಅಂಥಲ್ಲಿ ಪ್ರತಿ ಬದಲಾವಣೆಗೂ ಅರ್ಜಿ ಹಾಕಿ ಕಾಯುವುದಕ್ಕಿಂತ ಹೊಣೆ ಕೈಯಲ್ಲಿರುವುದೇ ಲೇಸು. ಕರೆಂಟು ಹೋಗಿ ನಮ್ಮ ಸರ್ವರ್ ನಿಂತರೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಅದಕ್ಕೇ ಡೆಲಿಗೇಶನ್ ಯಾವಾಗಲೂ ಎರಡು ಸರ್ವರುಗಳಿಗಿರಬೇಕು, ಎರಡನೆಯದು ಬೇರೆ ಊರಲ್ಲಿರಬೇಕು. ಕಂಪನಿಯೇ ಎರಡನೆಯದಾಗಲು ಒಪ್ಪಿದರೆ ಇನ್ನೂ ಒಳ್ಳೆಯದು.

ಬದಲಾವಣೆ ಜಗತ್ತಿಗೆಲ್ಲ ‘ಹರಡಲು’ 48 ಗಂಟೆ ಬೇಕೆಂಬುದು ತಂತ್ರಜ್ಞರಲ್ಲೂ ಬೇರುಬಿಟ್ಟ ಮೂಢನಂಬಿಕೆ. ಯಾವುದೂ ಎಲ್ಲಿಗೂ ಹರಡುವುದಿಲ್ಲ. ಒಮ್ಮೆ ಕೇಳಿದವರು ಹಳೆಯ ಉತ್ತರವನ್ನು ನೀವೇ ನಮೂದಿಸಿದ ಅವಧಿಯವರೆಗೆ ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೆ. ಆ ಅವಧಿಯನ್ನು ಮೊದಲೇ 300 ಸೆಕೆಂಡಿಗೆ ಇಳಿಸಿಟ್ಟು, ಹಳೆಯ ಅವಧಿ ಮುಗಿದ ಮೇಲೆ ಬದಲಾವಣೆ ಮಾಡಿದರೆ ಹೊಸ ಹೆಸರು ಸಾಮಾನ್ಯವಾಗಿ ಐದು ನಿಮಿಷದಲ್ಲಿ ಸಿಗುತ್ತದೆ. ಇಂಟರ್ನೆಟ್ ಕಂಪನಿಗೆ ಬರೆಯುವಾಗ ನಿಮ್ಮ ಸಂಖ್ಯೆಗಳ ವ್ಯಾಪ್ತಿ ಮತ್ತು ಎರಡು ಸರ್ವರುಗಳ ಹೆಸರು ಕೊಟ್ಟು, ‘ಆರ್‌ಎಫ್‌ಸಿ 2317ರ ಪ್ರಕಾರ’ ಎಂದು ಸ್ಪಷ್ಟವಾಗಿ ಕೇಳಿ.