ಹಳೇ ಸೆಟೀನ ಮೊದಲು ತಲೆಕೆಳಗು ಮಾಡಿ ನೋಡಿ

ಈ ಸಲ ರಜೆಗೆ ಊರಿಗೆ ಹೋದಾಗ ನಡುಮನೆಯನ್ನೊಮ್ಮೆ ಸರಿಯಾಗಿ ನೋಡಿ. ಬೆತ್ತ ಹೆಣೆದ, ಮರದ ಕೈಗಳಿರುವ, ಇಬ್ಬರು ಮೂವರು ಕೂರುವಂಥ ಹಳೇ ಆಸನ ಯಾವುದೋ ಮೂಲೆಯಲ್ಲಿರಬಹುದು. ಅದರ ಮೇಲೆ ಪೇಪರ್ ಕಟ್ಟು, ಮಡಚದ ಬಟ್ಟೆ ರಾಶಿ. "ಇದನ್ನ ಗುಜರಿಗೆ ಹಾಕಿ ಎಲ್ ಶೇಪ್ ಸೋಫಾ ತರೋಣ" ಅನ್ನೋ ಮಾತು ಮನೆಯಲ್ಲಿ ಆಗಲೇ ಶುರುವಾಗಿರುತ್ತೆ. ಗುಜರಿಯವರು ಮರದ ಲೆಕ್ಕಕ್ಕೆ ಕೊಂಡು ಹೋಗ್ತಾರೆ. ಒಮ್ಮೆ ಬಿಚ್ಚಿ ಹಲಗೆ ಮಾಡಿದ ಮೇಲೆ ಅದು ಮತ್ತೆ ಆಸನ ಆಗೋದಿಲ್ಲ. ಆ ಮಾತು ಇತ್ಯರ್ಥವಾಗೋ ಮುಂಚೆ ನೀವು ಅದನ್ನು ಪರೀಕ್ಷೆ ಮಾಡಿರಬೇಕು ಅನ್ನೋದೇ ನಮ್ಮ ಉದ್ದೇಶ. ನಮ್ಮ ಬಳಗದ ನಾಲ್ವರು ಬಾಡಿಗೆ ಮನೆ ಮಾಡಿದಾಗ ಹೊಸ ಸೋಫಾಕ್ಕೆ ದುಡ್ಡು ಸಾಲದೆ ಹಳೇದನ್ನು ಹುಡುಕಲು ಅಂಗಡಿ ಅಂಗಡಿ ಅಲೆದೆವು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಎಕ್ಸಾಮಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಲ್ಲೇ.

ಇಂಗ್ಲಿಷಿನಲ್ಲಿ ಇದರ ಹೆಸರು ಸೆಟೀ. ಶೆಟ್ಟರಿಗೂ ಇದಕ್ಕೂ ಸಂಬಂಧ ಇಲ್ಲ! ನಮ್ಮಲ್ಲಿ ಬೆತ್ತದ ಸೋಫಾ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಸೋಫಾದಲ್ಲಿ ಚೌಕಟ್ಟು ದಿಂಬಿನೊಳಗೆ ಮುಚ್ಚಿಹೋಗಿರುತ್ತೆ. ಸೆಟೀಯಲ್ಲಿ ಕಾಲು, ಕೈ, ಬೆನ್ನು ಎಲ್ಲ ಕಣ್ಣಿಗೆ ಕಾಣುತ್ತೆ, ಬೆನ್ನೂ ನೆಟ್ಟಗಿರುತ್ತೆ. ಕರಾವಳಿಗೆ ಬಂದ ಯುರೋಪಿನವರ ಜೊತೆ ಇಂಥ ಆಸನದ ಆಕಾರ ಇಲ್ಲಿಗೆ ಬಂತು, ನಮ್ಮ ಬಡಗಿಗಳು ಅದನ್ನು ತೇಗದಲ್ಲಿ, ಬೀಟೆಯಲ್ಲಿ ಮಾಡಿದರು. ಬೆತ್ತದ ಕಥೆ ಮಾತ್ರ ಉಲ್ಟಾ: 17ನೇ ಶತಮಾನದಲ್ಲಿ ಏಷ್ಯಾದ ವ್ಯಾಪಾರದ ಮೂಲಕ ಬೆತ್ತ ಹೆಣೆದ ಆಸನ ಯುರೋಪಿಗೆ ಹೋಯಿತು. ಬೇಸಿಗೆಯಲ್ಲಿ ಅದರ ಮೇಲೆ ಕೂತವರಿಗೆ ಕಾರಣ ಹೇಳಬೇಕಿಲ್ಲ. ಬೆನ್ನಿಗೂ ತೊಡೆಗೂ ಗಾಳಿ ಆಡುತ್ತೆ, ರೆಕ್ಸಿನ್ ಸೋಫಾದ ಹಾಗೆ ಅಂಟಿಕೊಳ್ಳಲ್ಲ.

ಅಂಗಡಿಯಲ್ಲಿ ಎಲ್ಲವನ್ನೂ ಆಂಟಿಕ್ ಅಂತಲೇ ಮಾರ್ತಾರೆ. ವ್ಯಾಪಾರದ ರೂಢಿಯಲ್ಲಿ 100 ವರ್ಷ ದಾಟಿದ್ದು ಆಂಟಿಕ್, ಅದಕ್ಕಿಂತ ಈಚಿನದು ವಿಂಟೇಜ್. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯೂ ಸಾಮಾನ್ಯವಾಗಿ 100 ವರ್ಷವನ್ನೇ ಗೆರೆಯಾಗಿ ಇಟ್ಟುಕೊಂಡಿದೆ. ಆದರೆ ಕೂರೋದಕ್ಕೆ ಬೇಕಾದವರಿಗೆ ವಯಸ್ಸು ಎರಡನೇ ಮಾತು. ಕೀಲು ಗಟ್ಟಿಯಿರುವ 60 ವರ್ಷದ ಸೆಟೀ, ಅಲ್ಲಾಡುವ 120 ವರ್ಷದ ಸೆಟೀಗಿಂತ ಮೇಲು.

ಪಾಲಿಶ್ ನೋಡಿ ಮರುಳಾಗಬೇಡಿ. ಪಾಲಿಶ್ ಹೋದ ವಾರದ್ದೂ ಆಗಿರಬಹುದು. ಸೆಟೀಯನ್ನು ನಿಧಾನವಾಗಿ ಮಗುಚಿ, ಅಡಿಭಾಗ ನೋಡಿ. ಹಳೇ ಕೆಲಸದಲ್ಲಿ ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಗುಳಿಗೆ ಕೂರಿಸಿರುತ್ತಾರೆ. ಮಾರ್ಟೈಸ್ ಅಂಡ್ ಟೆನನ್ ಅಂದರೆ ಇದೇ. ಒಳ್ಳೆಯ ಕೆಲಸವಾದರೆ ಅಡ್ಡಲಾಗಿ ಒಂದು ಮರದ ಗೂಟವೂ ಹೊಡೆದಿರುತ್ತೆ. ಕೀಲಿನ ಸುತ್ತ ಕಬ್ಬಿಣದ ಮೊಳೆ, ಎಲ್ ಪಟ್ಟಿ ಕಂಡರೆ ಯಾರೋ ಅವಸರದಲ್ಲಿ ರಿಪೇರಿ ಮಾಡಿದ್ದಾರೆ ಅಂತ ಲೆಕ್ಕ. ಮೊಳೆ ಮರವನ್ನು ಸೀಳುತ್ತೆ, ತುಕ್ಕು ಹಿಡಿಯುತ್ತೆ, ಸುತ್ತ ಕಪ್ಪು ಕಲೆಯನ್ನೂ ಬಿಡುತ್ತೆ.

ಆಮೇಲೆ ನೆಟ್ಟಗೆ ನಿಲ್ಲಿಸಿ ಎರಡು ಪರೀಕ್ಷೆ. ಒಂದು ಕೈಯಿಂದ ಬೆನ್ನಿನ ಮೇಲ್ತುದಿ ಹಿಡಿದು ಉದ್ದುದ್ದಕ್ಕೆ ಅಲ್ಲಾಡಿಸಿ, ಇನ್ನೊಂದು ಕೈಯ ಬೆರಳನ್ನು ಹಿಂದಿನ ಕಾಲು ಮತ್ತು ಅಡ್ಡಪಟ್ಟಿ ಸೇರುವಲ್ಲಿ ಇಡಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ತಿಳಿಯುತ್ತೆ. ಒರಗಿದವರ ಭಾರದಿಂದ ಹುಟ್ಟುವ ಮೊಮೆಂಟ್ ಹೆಚ್ಚಾಗಿ ಬಂದು ಬೀಳೋದು ಆ ಕೀಲಿನ ಮೇಲೆ, ಮೊದಲು ಸೋಲೋದೂ ಅದೇ. ಎರಡನೆಯದು, ಮುಂದಿನ ಒಂದು ಮೂಲೆಯನ್ನು ಎತ್ತಿ. ಮುಂದಿನ ಇನ್ನೊಂದು ತುದಿಯೂ ಬೇಗನೆ ಜೊತೆಗೆ ಎದ್ದರೆ ಚೌಕಟ್ಟು ಬಿಗಿ. ಎತ್ತಿದ ಕಡೆ ಮಾತ್ರ ಎದ್ದು ನಡುವೆ ತಿರುಚಿಕೊಂಡರೆ ಕೀಲುಗಳು ಸಡಿಲ.

ಸಡಿಲ ಅಂದ ಮಾತ್ರಕ್ಕೆ ಬಿಡಬೇಕಿಲ್ಲ. ಹಳೇ ಆಸನಗಳಲ್ಲಿ ಬಳಸುತ್ತಿದ್ದ ಪ್ರಾಣಿಜನ್ಯ ಅಂಟು, ಅಂದರೆ ಚರ್ಮ ಮೂಳೆ ಕುದಿಸಿ ಮಾಡಿದ ಸರೇಸು, ಬಿಸಿಗೂ ತೇವಕ್ಕೂ ಮೆತ್ತಗಾಗುತ್ತೆ. ಇದು ದೋಷ ಅನ್ನಿಸಬಹುದು, ನಮ್ಮ ಪ್ರಕಾರ ಇದೇ ಅದರ ದೊಡ್ಡ ಗುಣ. ಮರ ಮುರಿಯದೆ ಕೀಲು ಬಿಚ್ಚಿ, ಹಳೇ ಅಂಟು ಕೆರೆದು, ಮತ್ತೆ ಅಂಟಿಸಿ ಕ್ಲಾಂಪ್ ಹಾಕಬಹುದು. ಬಿಚ್ಚದೆ ಸಂದಿಗೆ ಫೆವಿಕಾಲ್ ಸುರಿಯೋದರಿಂದ ಪ್ರಯೋಜನ ಇಲ್ಲ. ಅಂಟು ಮರದ ಎಳೆಗೆ ಇಳಿಯಬೇಕು, ಹಳೇ ಅಂಟಿನ ಪದರ ಅದನ್ನು ತಡೆಯುತ್ತೆ. ಗೊತ್ತಿರುವ ಆಚಾರ್ರಿಗೆ ನಾಲ್ಕು ಕೀಲು ಬಿಗಿ ಮಾಡೋದು ದೊಡ್ಡ ಕೆಲಸವಲ್ಲ. ಕಾಲು ಸೀಳಿದ್ದರೆ, ನಾಲಗೆಯೇ ಮುರಿದಿದ್ದರೆ ಮಾತ್ರ ಖರ್ಚು ಏರುತ್ತೆ.

ಮರದ ವಿಷಯಕ್ಕೆ ಬಂದರೆ, "ಬೀಟೆ ಸಾರ್, ಪಕ್ಕಾ ಬೀಟೆ" ಅನ್ನೋ ಮಾತನ್ನು ನಾವು ಹೋದಲ್ಲೆಲ್ಲ ಕೇಳಿದೆವು. ಬಣ್ಣ ಬಳಿದ ಕಾಡುಮರವೂ ಮೇಲಿಂದ ಹಾಗೇ ಕಾಣುತ್ತೆ. ಅಡಿಭಾಗದಲ್ಲಿ ಬಣ್ಣ ತಲುಪದ ಜಾಗ ಹುಡುಕಿ. ಬೀಟೆಯಾದರೆ ಅಲ್ಲೂ ಕಂದು ನೇರಳೆ ಮೈಯಲ್ಲಿ ಕಪ್ಪು ಗೆರೆ ಇರುತ್ತೆ. ತೂಕವೂ ಸುಳಿವು ಕೊಡುತ್ತೆ: ತೇಗ ಘನ ಮೀಟರಿಗೆ ಸುಮಾರು 650 ಕಿಲೋ, ಬೀಟೆ 800 ದಾಟುತ್ತೆ. ಇನ್ನೊಂದು ವಿಷಯ, ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಡಿ ನಿಯಂತ್ರಣದಲ್ಲಿದೆ. ಮನೆಯಲ್ಲಿ ಈಗಾಗಲೇ ಇರುವುದನ್ನು ಸೀಳಿ ಹಾಕೋ ಮುಂಚೆ ಇದೊಂದನ್ನು ನೆನಪಿಸಿ.

ಹುಳುವಿನ ಕಾಟ ಇದೆಯೇ ಅಂತಲೂ ನೋಡಬೇಕು. ಗುಂಡುಸೂಜಿ ತಲೆಯಷ್ಟು ತೂತುಗಳು ಹಳೇ ಮರದಲ್ಲಿ ಇರೋದು ಸಹಜ. ಮುಖ್ಯವಾದದ್ದು ಕೆಳಗೆ ಬಿದ್ದ ಪುಡಿ. ಕೆಳಗೊಂದು ಕಪ್ಪು ಕಾಗದ ಹಾಸಿ ಸೆಟೀಯನ್ನು ತಟ್ಟಿ. ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದರೆ ಹುಳು ಇನ್ನೂ ಒಳಗಿರಬಹುದು. ಔಷಧ ಹೊಡೆಸದೆ ಮನೆಯೊಳಗೆ ತರಬೇಡಿ. ತೇಗ ಬೀಟೆಗಳ ಚೇಗನ್ನು ಹುಳು ಅಷ್ಟಾಗಿ ಮುಟ್ಟಲ್ಲ, ಹೊರಗಿನ ಬಿಳಿಮರವನ್ನು ಬಿಡಲ್ಲ. ಹಾಗಾಗಿ ಒಳಪಟ್ಟಿಗಳನ್ನೇ ಹೆಚ್ಚು ನೋಡಿ. ತಿಗಣೆಗೂ ಕೀಲಿನ ಸಂದಿ, ಬೆತ್ತದ ತೂತು ಇಷ್ಟ. ಹಾಸ್ಟೆಲಿನಲ್ಲಿದ್ದವರಿಗೆ ಈ ಸಾಲು ವಿವರಿಸಬೇಕಿಲ್ಲ.

ಇನ್ನು ಬೆತ್ತ. ಚೌಕಟ್ಟಿನ ಸುತ್ತ ಸಾಲಾಗಿ ತೂತು ಕೊರೆದು ಎಳೆ ಹಾಯಿಸಿದ್ದರೆ ಅದು ಕೈಹೆಣಿಗೆ: ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎಳೆಗಳು ಸೇರಿ ಎಂಟು ಮೂಲೆಯ ಕಿಂಡಿಗಳಾಗುತ್ತವೆ. ತೂತಿಲ್ಲದೆ ಸುತ್ತ ಒಂದು ಕಾಲುವೆಯಲ್ಲಿ ಪಟ್ಟಿ ಒತ್ತಿದ್ದರೆ ಅದು ಯಂತ್ರ ಹೆಣೆದ ಹಾಳೆ, ಬದಲಾಯಿಸೋದು ಸುಲಭ. ಕೈಹೆಣಿಗೆಗೆ ದಿನಗಟ್ಟಲೆ ಕೆಲಸ ಹಿಡಿಯುತ್ತೆ. ಬೆತ್ತ ಹರಿದಿದ್ದರೆ ಹೆಣೆಯುವವರ ಕೂಲಿ ಕೇಳಿಕೊಂಡು ಬಂದು ಆಮೇಲೆ ಚೌಕಾಸಿ ಮಾಡಿ. ಎಷ್ಟೋ ಸಲ ಕೂಲಿ ಸೆಟೀಯ ಬೆಲೆಗಿಂತ ಹೆಚ್ಚಾಗುತ್ತೆ. ಹರಿಯದೆ ಬರೀ ಜೋತುಬಿದ್ದಿದ್ದರೆ ಮಾತ್ರ ಒಂದು ಉಪಾಯ ಇದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಡಿಭಾಗವನ್ನು ಒರೆಸಿ ಒದ್ದೆ ಮಾಡಿ, ರಾತ್ರಿಯಿಡೀ ಯಾರೂ ಕೂರದೆ ನೆರಳಲ್ಲಿ ಒಣಗಲಿ. ಒಣಗುತ್ತಾ ಎಳೆಗಳು ಬಿಗಿಯಾಗುತ್ತವೆ. ಮೇಲ್ಮೈ ನುಣುಪು, ನೀರು ಹೀರಲ್ಲ, ಅದಕ್ಕೇ ಕೆಳಗಿನಿಂದ. ಪ್ಲಾಸ್ಟಿಕ್ ಬೆತ್ತಕ್ಕೆ ಈ ಮದ್ದು ನಾಟಲ್ಲ.

ಬಲ್ಬ್ ಹಾಕೋಕೆ ಅಂತ ಬೆತ್ತದ ಮೇಲೆ ಹತ್ತಿ ನಿಲ್ಲೋರಿಗೆ ಒಂದು ಲೆಕ್ಕ. 60 ಕಿಲೋ ಮನುಷ್ಯ ಕೂತಾಗ ಸುಮಾರು 1200 ಚದರ ಸೆಂಟಿಮೀಟರ್ ಮೇಲೆ ಭಾರ ಹಂಚಿಹೋದರೆ ಒತ್ತಡ 5 ಕಿಲೋಪಾಸ್ಕಲ್. ಅದೇ ಭಾರ 25 ಚದರ ಸೆಂಟಿಮೀಟರ್ ಹಿಮ್ಮಡಿಯ ಮೇಲೆ ಬಂದರೆ 240. ಹೆಚ್ಚುಕಡಿಮೆ 50 ಪಟ್ಟು.

ಬೀಟೆ, ತೇಗ ಬಿಟ್ಟು ಇನ್ನೊಂದು ಜಾತಿ ನಿಮಗೆ ಸಿಗಬಹುದು: ದುಂಡನೆಯ ಮರದ ಕೋಲನ್ನೇ ಬಗ್ಗಿಸಿ ಮಾಡಿದ್ದು. ಇದರ ಮೂಲಪುರುಷ ವಿಯೆನ್ನಾದಲ್ಲಿ ಕೆಲಸ ಮಾಡಿದ ಮಿಖಾಯೆಲ್ ಥೋನೆಟ್. ಅವನ 1859ರ 14ನೇ ನಂಬರಿನ ಕುರ್ಚಿ ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್ ಅಷ್ಟೇ; ಬಿಚ್ಚಿದರೆ 36 ಕುರ್ಚಿ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಅದೇ ವಿನ್ಯಾಸದಲ್ಲಿ ಸೆಟೀಯೂ ಬಂತು. ಹಬೆಯಲ್ಲಿ ಬೆಂದ ಮರ ಕುಗ್ಗೋಕೆ ಒಪ್ಪುತ್ತೆ, ಹಿಗ್ಗೋಕೆ ಅಷ್ಟಾಗಿ ಒಪ್ಪಲ್ಲ; ಹಾಗಾಗಿ ಬಗ್ಗಿಸುವಾಗ ಹೊರಮೈ ಸೀಳುತ್ತಿತ್ತು. ಥೋನೆಟ್ ಹೊರಮೈಗೆ ಲೋಹದ ಪಟ್ಟಿ ಬಿಗಿದ. ಎಳೆತವನ್ನು ಪಟ್ಟಿ ಹೊತ್ತಿತು, ಮರಕ್ಕೆ ಉಳಿದದ್ದು ಸಂಕೋಚನ. ನ್ಯೂಟ್ರಲ್ ಆಕ್ಸಿಸನ್ನು ಹೊರಮೈಯತ್ತ ತಳ್ಳಿಬಿಟ್ಟ! ಇಂಥದ್ದರಲ್ಲಿ ಕೀಲು ಸಡಿಲವಾದರೆ ಮೊದಲು ಸ್ಕ್ರೂಡ್ರೈವರ್ ಹಿಡಿದು ನೋಡಿ, ಎಷ್ಟೋ ಸಲ ಅಷ್ಟೇ ಸಾಕು.

ಕೊಂಡಾಯಿತು ಅನ್ನೋ ಮುಂಚೆ ಟೇಪ್ ತೆಗೆಯಿರಿ. ಹಳೇ ಸೆಟೀ ಬಿಚ್ಚಿ ಜೋಡಿಸುವಂಥದ್ದಲ್ಲ, ಇಡಿಯಾಗಿಯೇ ಬಾಗಿಲು, ಮೆಟ್ಟಿಲ ತಿರುವು ದಾಟಬೇಕು. ಸಣ್ಣ ರೂಮಿಗೆ ಇದು ಚೆನ್ನಾಗಿ ಹೊಂದುತ್ತೆ. ಕಾಲುಗಳ ಕೆಳಗೆ ನೆಲ ಕಾಣೋದರಿಂದ ಜಾಗ ತುಂಬಿಹೋದ ಹಾಗೆ ಅನ್ನಿಸಲ್ಲ, ಗುಡಿಸೋದೂ ಸುಲಭ. ಆದರೆ ನೆಟ್ಟನೆಯ ಬೆನ್ನು ಮಾತಿಗೆ, ಊಟಕ್ಕೆ, ಓದೋಕೆ ಸರಿ. ರಾತ್ರಿಯೆಲ್ಲ ಅಡ್ಡಬಿದ್ದು ಸೀರೀಸ್ ನೋಡೋರಿಗೆ ಅಲ್ಲ.

ಇಡೋ ಜಾಗ ನೇರ ಬಿಸಿಲು ಬೀಳದ, ಒದ್ದೆ ಗೋಡೆಗೆ ತಾಗದ ಜಾಗವಾಗಿರಲಿ. ಮರ ಎಳೆಯ ಉದ್ದಕ್ಕೆ ಹೆಚ್ಚೇನೂ ಬದಲಾಗಲ್ಲ, ಅಡ್ಡಕ್ಕೆ ತೇವ ಕುಡಿದು ಉಬ್ಬಿ, ಒಣಗಿ ಕುಗ್ಗುತ್ತೆ. ಮಲೆನಾಡಿನ ಮಳೆಯಲ್ಲಿ ಬೆಳೆದ ಸೆಟೀಯನ್ನು ಬಳ್ಳಾರಿಯ ಬೇಸಿಗೆಗೆ ಒಯ್ದರೆ ಕೀಲಿನ ನಾಲಗೆ ಸಣ್ಣಗಾಗಿ ಅಲ್ಲಾಡೋಕೆ ಶುರುವಾಗಬಹುದು. ಹಳೇ ಪಾಲಿಶ್ ಬಹುತೇಕ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತೆ, ಸ್ಯಾನಿಟೈಸರ್ ಚೆಲ್ಲಿದರೆ ಪಾಲಿಶ್ಶೇ ಕರಗುತ್ತೆ. ಮನೆ ಬದಲಾಯಿಸುವಾಗ ಎಳೆಯಬೇಡಿ. ನೆಲದ ಘರ್ಷಣೆ ಕಾಲಿನ ತುದಿಯನ್ನು ಹಿಡಿದರೆ, ಇಡೀ ಕಾಲು ಸನ್ನೆಕೋಲಾಗಿ ಮೇಲಿನ ಕೀಲನ್ನು ಕೀಳುತ್ತೆ. ಇಬ್ಬರು ಎರಡು ಕಡೆ ನಿಂತು, ಕೈ ಹಿಡಿಯುವ ಬದಲು ಕೂರುವ ಚೌಕಟ್ಟಿನ ಅಡಿ ಹಿಡಿದು ಎತ್ತಿ.