ನಿಮಗಿದು ಗೊತ್ತೇ? ಭಾಷಾವಿಜ್ಞಾನಕ್ಕೂ ಒಂದು ಪದವಿ ಉಂಟು!

“ಭಾಷಾವಿಜ್ಞಾನ ಓದುತ್ತಿದ್ದೇನೆ” ಎಂದವರಿಗೆ ತಪ್ಪದೆ ಎದುರಾಗುವ ಪ್ರಶ್ನೆ: “ಹಾಗಾದರೆ ಎಷ್ಟು ಭಾಷೆ ಬರುತ್ತೆ?” ಒಂದೇ ಬಂದರೂ ಅಡ್ಡಿಯಿಲ್ಲ. ಅಲ್ಲಿ ಕಲಿಯುವುದು ಭಾಷೆಯನ್ನು ಬಿಚ್ಚಿ ನೋಡುವುದನ್ನು.

● ಪದವಿಯ ಮೊದಲ ಮೆಟ್ಟಿಲು ಧ್ವನಿವಿಜ್ಞಾನ. ಉಸಿರಿಗೆ ಎಲ್ಲಿ ತಡೆ ಬಿತ್ತು, ನಾಲಿಗೆ ಎಲ್ಲಿ ಮುಟ್ಟಿತು ಎಂಬ ಲೆಕ್ಕಾಚಾರ. ಕೆಲವು ಕಡೆ ಮೇಷ್ಟರು ಯಾವ ಭಾಷೆಯಲ್ಲೂ ಇಲ್ಲದ ಪದಗಳನ್ನು ಉಚ್ಚರಿಸುತ್ತಾರೆ. ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಬರೆಯಬೇಕು. ಅರ್ಥದ ಆಸರೆಯೇ ಇಲ್ಲದ ಉಕ್ತಲೇಖನ!

● ಅದನ್ನು ಬರೆಯುವುದು ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ. ಈ ಲಿಪಿಯನ್ನು ರೂಪಿಸಿದ ಸಂಘ 1886ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಕಟ್ಟಿದವರು ಭಾಷೆ ಕಲಿಸುವ ಮೇಷ್ಟರುಗಳು. ನಮ್ಮ ಟ, ಡ, ಣ, ಳಗಳನ್ನು ಬರೆಯಲು ರೋಮನ್ ಅಕ್ಷರಕ್ಕೆ ಬಲಕ್ಕೆ ತಿರುಗಿದ ಬಾಲ ಹಚ್ಚುತ್ತಾರೆ.

● ಭಾಷಾವಿಜ್ಞಾನದ ಅತಿ ಹೆಸರಾಂತ ಪಠ್ಯವನ್ನು ಅದರ ಕರ್ತೃ ಬರೆಯಲೇ ಇಲ್ಲ! ಫರ್ಡಿನಾಂಡ್ ದ ಸೊಸ್ಯೂರ್ ಜಿನೀವಾದಲ್ಲಿ 1907ರಿಂದ 1911ರ ನಡುವೆ ಮೂರು ಸಲ ಈ ವಿಷಯದ ಕೋರ್ಸು ನಡೆಸಿದರು, 1913ರಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳ ನೋಟ್ಸ್ ಜೋಡಿಸಿ 1916ರಲ್ಲಿ ಪುಸ್ತಕ ಹೊರತಂದ ಇಬ್ಬರು ಸಹೋದ್ಯೋಗಿಗಳು ಆ ತರಗತಿಗಳಲ್ಲಿ ಕೂತವರೂ ಅಲ್ಲ.

● ಹೆಸರಾಂತ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು 1945ರಲ್ಲಿ, ಹದಿನಾರರ ಹುಡುಗನಾಗಿ. ಪದವಿಗಾಗಿ 1949ರಲ್ಲಿ ಆತ ಬರೆದ ಪ್ರಬಂಧದ ವಿಷಯ ಆಧುನಿಕ ಹೀಬ್ರೂ. ಮನೆಯಲ್ಲೇ ಹೀಬ್ರೂ ವಿದ್ವಾಂಸರಾದ ತಂದೆ ಇದ್ದರು.

● ಸಮಾಜ ಭಾಷಾವಿಜ್ಞಾನದ ಒಂದು ಪ್ರಯೋಗಕ್ಕೆ ಬೇಕಾದದ್ದು ಪೆನ್ನು, ಕಾಗದ, ಚುರುಕು ಕಿವಿ ಅಷ್ಟೇ. 1962ರಲ್ಲಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ನೌಕರರನ್ನು ವಿಚಾರಿಸಿದರು. ಉತ್ತರ ಬಂದರೆ, ಕೇಳಿಸದವರಂತೆ ಇನ್ನೊಮ್ಮೆ ಹೇಳಿಸಿಕೊಂಡು, ಮರೆಗೆ ಸರಿದು ಬರೆದಿಟ್ಟರು. ‘ಫೋರ್ತ್ ಫ್ಲೋರ್’ ಎನ್ನುವಾಗ ‘ರ್’ ಕೇಳಿಸುತ್ತದೆಯೇ ಎಂಬುದಷ್ಟೇ ಅವರ ಕುತೂಹಲ. 264 ಜನರ ಉತ್ತರಗಳಲ್ಲಿ ಕಂಡದ್ದು: ಅಂಗಡಿ ದುಬಾರಿಯಾದಷ್ಟೂ ‘ರ್’ ಸ್ಪಷ್ಟ! ಅಂದಹಾಗೆ, ಲಬೋವ್ ಅದಕ್ಕೂ ಮುಂಚೆ ಕಾರ್ಖಾನೆಯಲ್ಲಿ ರಸಾಯನತಜ್ಞರಾಗಿದ್ದವರು.

● ಭಾಷಾ ಸಂಪರ್ಕದ ಪಾಠದಲ್ಲಿ ಲೋಕದ ನಾನಾ ಕಡೆಯ ವಿದ್ಯಾರ್ಥಿಗಳು ಓದುವ ಊರೊಂದು ನಮ್ಮ ಗಡಿಯಾಚೆಗೇ ಇದೆ: ಸಾಂಗ್ಲಿ ಜಿಲ್ಲೆಯ ಕುಪವಾಡ. ಅಲ್ಲಿ ಶತಮಾನಗಳಿಂದ ಒಟ್ಟಿಗಿರುವ ಕನ್ನಡ, ಮರಾಠಿ, ಉರ್ದುಗಳು ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡೂ ವಾಕ್ಯ ಕಟ್ಟುವ ಬಗೆಯಲ್ಲಿ ಒಂದನ್ನೊಂದು ಹೋಲುವಂತಾಗಿವೆ. ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು.

● ಮಗು ಭಾಷೆ ಕಲಿಯುವ ಬಗೆಗಿನ ಚರ್ಚೆಯಲ್ಲೂ ಕನ್ನಡದ ಪುಟಾಣಿಗಳ ಸಾಕ್ಷ್ಯ ಇದೆ. ‘ಏರು’ ಎಂಬುದಕ್ಕೆ ‘-ಇಸು’ ಸೇರಿದರೆ ‘ಏರಿಸು’. ಮೂರು ವರ್ಷದ ಮಕ್ಕಳು ಕ್ರಿಯಾಪದದ ಅರ್ಥ ಊಹಿಸುವಾಗ ಈ ‘-ಇಸು’ವನ್ನು ನೆಚ್ಚುತ್ತಾರೋ, ವಾಕ್ಯದಲ್ಲಿ ನಾಮಪದ ಎಷ್ಟಿವೆ ಎಂಬುದನ್ನೋ? 2003ರ ಒಂದು ಅಧ್ಯಯನದಲ್ಲಿ ಗೆದ್ದದ್ದು ನಾಮಪದಗಳ ಸಂಖ್ಯೆ.

● ಹಲವು ವಿಶ್ವವಿದ್ಯಾಲಯಗಳಲ್ಲಿ ‘ಕ್ಷೇತ್ರಕಾರ್ಯ ವಿಧಾನ’ ಎಂಬ ಪತ್ರಿಕೆ ಇರುತ್ತದೆ. ತರಗತಿಯಲ್ಲಿ ಯಾರಿಗೂ ಬಾರದ ಭಾಷೆಯನ್ನಾಡುವ ಒಬ್ಬರನ್ನು ಕರೆಸುತ್ತಾರೆ. ಪ್ರಶ್ನೆ ಕೇಳಿ ಕೇಳಿಯೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಆ ಭಾಷೆಯ ವ್ಯಾಕರಣದ ಒಂದು ಭಾಗವನ್ನು ಬರೆದುಕೊಡಬೇಕು. ಇಲ್ಲಿ ಪಾಠಕ್ಕೆ ಗೈಡೂ ಇಲ್ಲ, ಹಳೆ ಪ್ರಶ್ನೆಪತ್ರಿಕೆಯೂ ಇಲ್ಲ.

● ಕವಿ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ದಾರಿ ಹಿಡಿದು ಭಾಷಾವಿಜ್ಞಾನಕ್ಕೆ ಹೊರಳಿದರು. 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಟ್ಟದ್ದು ಕನ್ನಡ ವ್ಯಾಕರಣದ ಮೇಲಿನ ಪ್ರಬಂಧಕ್ಕೆ.

● ಇದನ್ನು ಓದಿದವರಿಗೆ ಕೆಲಸ? ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗೆ ದೊಥ್ರಾಕಿ ಭಾಷೆಯನ್ನು ಬೆಳೆಸಿಕೊಟ್ಟ ಡೇವಿಡ್ ಪೀಟರ್ಸನ್ ಬರ್ಕ್ಲಿಯಲ್ಲಿ ಇಂಗ್ಲಿಷ್ ಜೊತೆಗೆ ಭಾಷಾವಿಜ್ಞಾನದ ಪದವಿ ಪಡೆದವರು. 1987ರಲ್ಲಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದ ಲ್ಯಾರಿ ವಾಲ್ ಕೂಡ ಭಾಷಾವಿಜ್ಞಾನ ಓದಿದವರೇ.

● ಶಾಲಾ ಮಕ್ಕಳಿಗೂ ಭಾಷಾವಿಜ್ಞಾನದ ಒಲಿಂಪಿಯಾಡ್ ಇದೆ. 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಸ್ಪರ್ಧೆ 2016ರಲ್ಲಿ ನಡೆದದ್ದು ಮೈಸೂರಿನಲ್ಲಿ. ಹೆಸರೇ ಕೇಳದ ಭಾಷೆಯ ಕೆಲವು ವಾಕ್ಯ, ಅವುಗಳ ಅರ್ಥ ಕೊಡುತ್ತಾರೆ. ನಿಯಮವನ್ನು ಮಕ್ಕಳೇ ಪತ್ತೆ ಮಾಡಬೇಕು. ನೆನಪಿನ ಶಕ್ತಿಗಿಂತ ತರ್ಕಕ್ಕೇ ಅಂಕ.

● ಕೊನೆಗೆ, ಇದು ಆರ್ಟ್ಸೋ ಸೈನ್ಸೋ? ನಮ್ಮಲ್ಲಿ ಹೆಚ್ಚಿನ ಕಡೆ ಭಾಷಾವಿಜ್ಞಾನದ ಬಾಗಿಲು ತೆರೆಯುವುದೇ ಎಂ.ಎ.ಗೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಬಿ.ಎ. ಹಂತದಲ್ಲೇ ಓದಬಹುದು. ಹೈದರಾಬಾದಿನ ಟ್ರಿಪಲ್ ಐಟಿಯಲ್ಲಾದರೋ ಐದು ವರ್ಷದ ಕೋರ್ಸಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಟೆಕ್., ಗಣಕ ಭಾಷಾವಿಜ್ಞಾನದ ಎಂ.ಎಸ್. ಎರಡೂ ಒಟ್ಟಿಗೆ. ಎಂಜಿನಿಯರಿಂಗ್ ಮಾಡು ಎನ್ನುವ ಅಪ್ಪ, ಭಾಷೆಯೇ ಬೇಕು ಎನ್ನುವ ಮಗಳು, ಇಬ್ಬರೂ ಒಪ್ಪಬಹುದಾದ ಕೋರ್ಸು!