ಆವನಿ: ಸೀತೆ ಹೆತ್ತ ಊರಿನ ಕೂಸುಗಳ ಲೆಕ್ಕ

ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ಸುಮಾರು 12 ಕಿ.ಮೀ. ದೂರದಲ್ಲಿರುವ ಆವನಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳಿಗೆ ಹೆಸರಾದ ಊರು. ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಗುಡಿಗಳು, ಪಕ್ಕದಲ್ಲೇ ಬಂಡೆಗಳ ಬೆಟ್ಟ. ತುಂಬು ಬಸುರಿ ಸೀತೆ ವಾಲ್ಮೀಕಿಯ ಆಸರೆಯಲ್ಲಿ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಸಂತಾನ ಬೇಡಿ ಹೆಂಗಸರು ಇಂದಿಗೂ ಬೆಟ್ಟದ ಸೀತಮ್ಮನ ಗುಡಿಗೆ ಹತ್ತುತ್ತಾರೆ.

ಆದರೆ ಸಂತಾನ ಸಿಕ್ಕರಷ್ಟೇ ಸಾಲದು; ಹುಟ್ಟಿದ ಕೂಸು ಉಳಿಯಬೇಕಾದರೆ ಮೊದಲ 28 ದಿನ ದಾಟಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಾವಿರಕ್ಕೆ ಸುಮಾರು 25 ಶಿಶುಗಳು ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. ಆ ಪೈಕಿ ಸುಮಾರು 16 ಸಾವು ಮೊದಲ ತಿಂಗಳಿನವೇ. ದಿನ ತುಂಬದ ಹೆರಿಗೆ, ಕಡಿಮೆ ತೂಕ, ಉಸಿರುಗಟ್ಟುವುದು, ಸೋಂಕು ಮುಖ್ಯ ಕಾರಣಗಳು. ಇವುಗಳಲ್ಲಿ ಬಹಳಷ್ಟನ್ನು ತಡೆಯಬಹುದು. ಬೇರೊಂದು ಲೆಕ್ಕವಾದ 2020ರ ಮಾದರಿ ನೋಂದಣಿ ವ್ಯವಸ್ಥೆಯಲ್ಲಿ ಶಿಶು ಮರಣ ಪ್ರಮಾಣ ಕರ್ನಾಟಕದಲ್ಲಿ ಸಾವಿರಕ್ಕೆ 19 ಇದ್ದರೆ ನೆರೆಯ ಕೇರಳದಲ್ಲಿ ಕೇವಲ 6 ಇತ್ತು.

ತಡೆಯುವ ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಬಾಣಂತಿ ಮನೆಗೆ ಬಂದ ಆಶಾ ಆರೋಗ್ಯ ಕಾರ್ಯಕರ್ತೆ ಕೂಸಿನ ಹೊಟ್ಟೆ, ಅಂಗಾಲುಗಳನ್ನು ಮುಟ್ಟಿ ನೋಡುತ್ತಾರೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಶೀತ ತಟ್ಟಿದೆ ಎಂದರ್ಥ; ಆಗ ಕೂಸನ್ನು ತಾಯಿಯ ಎದೆಗೆ ಮೈ ತಾಗುವಂತೆ ಅವಚಿಸುತ್ತಾರೆ. ಹಾಲು ಚೀಪದ, ಪಕ್ಕೆ ಒಳಸೆಳೆಯುವ ಕೂಸನ್ನು ತಡಮಾಡದೆ ಮುಳಬಾಗಿಲಿಗೆ, ಬೇಕಾದರೆ ಇನ್ನೂ 30 ಕಿ.ಮೀ. ಆಚೆಯ ಕೋಲಾರಕ್ಕೆ ಸಾಗಿಸಬೇಕು.

2017ರಲ್ಲಿ ಕೋಲಾರದ ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳ ಸಾವು ರಾಜ್ಯದ ಗಮನ ಸೆಳೆದಿತ್ತು. ಆಸ್ಪತ್ರೆಯ ಆರೈಕೆ ಪ್ರಶ್ನಿಸಲೇಬೇಕಾದದ್ದು. ಆದರೆ ಎಲ್ಲ ತಾಲ್ಲೂಕುಗಳಿಂದ ಕೈಮೀರಿದ ಕೂಸುಗಳು ಬಂದು ಸೇರುವ ಕಡೆ ಸಾವು ಹೆಚ್ಚೇ ಕಾಣುತ್ತದೆ. ಯಾವ ಹಳ್ಳಿಯ ಬಸುರಿಗೆ ರಕ್ತಹೀನತೆ ಇತ್ತು, ಎಲ್ಲಿ ವಾಹನ ತಡವಾಯಿತು ಎಂಬುದು ಆಸ್ಪತ್ರೆಯ ಸಾವಿನ ಸಂಖ್ಯೆಯಲ್ಲಿ ಕಾಣದು.

ಆಂಧ್ರದ ಅಂಚಿನ ಈ ಗಡಿಸೀಮೆಗೆ ಇನ್ನೊಂದು ತೊಡಕಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ತವರು ಆಂಧ್ರದ ಚಿತ್ತೂರು ಕಡೆಯದಾದರೆ ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಒಂದು ರಾಜ್ಯದ್ದು, ಹೆರಿಗೆ ಇನ್ನೊಂದು ರಾಜ್ಯದಲ್ಲಿ. ಎರಡೂ ಕಡೆಯ ಆಶಾಗಳು ಫೋನಿನಲ್ಲಿ ಸುದ್ದಿ ಮುಟ್ಟಿಸಿಕೊಳ್ಳದಿದ್ದರೆ ಆ ಕೂಸು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಪ್ರತಿ ಶಿಶುವಿನ ಸಾವನ್ನೂ ತಾಯಿಯ ಊರಿನ ಹೆಸರಿಗೆ ಬರೆದು, ಕಾರಣ ಸಹಿತ ಗ್ರಾಮಸಭೆಯ ಮುಂದಿಡಬೇಕು. ಮನೆತನದ ಗುಟ್ಟು ಬಯಲಾಗಬೇಕಿಲ್ಲ. ರಸ್ತೆ, ರಕ್ತಪರೀಕ್ಷೆ, ವಾಹನ ಇವುಗಳಲ್ಲಿ ಎಲ್ಲಿ ಕೊರತೆಯಾಯಿತೆಂದು ತಿಳಿದರೆ ಸಾಕು. ಸೀತಮ್ಮನ ಹೆರಿಗೆಯನ್ನು ನೆನೆಯುವ ಆವನಿಯೇ ಈ ಲೆಕ್ಕಕ್ಕೆ ಮೊದಲ ಊರಾಗಲಿ.